ಅಂಚು ಮುಚ್ಚುವ ಕೆಲಸ

ಈ ತಿಂಗಳು ನಿಮ್ಮಲ್ಲಿ ಒಂದು ಸಣ್ಣ ಕೋರಿಕೆ. ನಿಮ್ಮ ಸೊಂಟದ ಬೆಲ್ಟನ್ನೋ ಹೆಗಲ ಚೀಲದ ಪಟ್ಟಿಯನ್ನೋ ಕೈಗೆತ್ತಿಕೊಳ್ಳಿ. ಮೇಲಿನ ಹೊಳಪು ಇರಲಿ, ಅದರ ಅಂಚನ್ನು ನೋಡಿ. ಪದರ ಪದರವಾಗಿ ಬಿಚ್ಚಿಕೊಂಡಿದೆಯೇ? ಮಳೆಯಲ್ಲಿ ನೆಂದ ರಟ್ಟಿನಂತೆ ಎಳೆ ಎದ್ದಿದೆಯೇ? ಹಾಗಿದ್ದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ತಿಳಿಯಿರಿ.

ತೊಗಲಿನ ಮೇಲ್ಮುಖ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಕತ್ತಿ ಆಡಿಸಿದ ಜಾಗದಲ್ಲಿ ಮಾತ್ರ ಒಳಗಿನ ನಾರುಗಳು ಕತ್ತರಿಸಿದ ಹಗ್ಗದ ತುದಿಯಂತೆ ಬಾಯಿ ತೆರೆದುಕೊಂಡಿರುತ್ತವೆ. ನೀರು, ಬೆವರು, ದೂಳು ಒಳಹೋಗುವುದು ಅಲ್ಲಿಂದಲೇ. ಚಪ್ಪಲಿ, ಬೆಲ್ಟು, ಚೀಲ ಹೆಚ್ಚಾಗಿ ಕೆಡಲು ಶುರುವಾಗುವುದು ಅಂಚಿನಿಂದ.

ಇದು ನಮಗೆ ತಿಳಿದದ್ದು ತಡವಾಗಿ. ನಮ್ಮ ತಂದೆಯವರದೊಂದು ತೊಗಲಿನ ಚೀಲವಿದೆ. ಅವರು ಕೊಡಂಗಲ್ ಸೀಮೆಯಲ್ಲಿ ಮಾಸ್ತರರಾಗಿದ್ದವರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಹಳೆಯ ಕಾಗದಪತ್ರಗಳಲ್ಲಿ ಉರ್ದು, ಹೀಗೆ ಮೂರು ಭಾಷೆಯಲ್ಲಿ ಬದುಕಿದವರು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಗುಲ್ಬರ್ಗ ಜಿಲ್ಲೆಯಲ್ಲಿದ್ದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡಗಳೂ ಆ ಕಡೆಗೇ ಹೋದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು, 2016ರಲ್ಲಿ ಕೊಡಂಗಲ್ ಹೊಸ ವಿಕಾರಾಬಾದ್ ಜಿಲ್ಲೆಯ ಪಾಲಾಯಿತು. ತಂದೆಯವರ ಮನೆ ಒಂದಡಿಯೂ ಅಲುಗಲಿಲ್ಲ, ಕಾಗದದಲ್ಲಿ ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತ ಹೋಯಿತು. ಆ ಕಾಗದಗಳೆಲ್ಲ ಇದ್ದದ್ದು ಈ ಚೀಲದಲ್ಲೇ.

ಅವರು ತೀರಿಕೊಂಡ ಮೇಲೆ ಚೀಲ ನಮ್ಮ ಕೈಗೆ ಬಂತು. ಪಟ್ಟಿಯ ಅಂಚು ಬಿಚ್ಚಿಕೊಂಡಿತ್ತು. ನಗರದ ದೊಡ್ಡ ಅಂಗಡಿಯೊಂದಕ್ಕೆ ಕೊಟ್ಟೆವು. ಅವರು ಅಂಚಿಗೆ ದಪ್ಪನೆಯ ಕಪ್ಪು ಬಣ್ಣ ಬಳಿದು, ಹೊಳೆಯುವಂತೆ ಮಾಡಿ, ಚೀಟಿ ಬರೆದು ಕೊಟ್ಟರು: 600 ರೂಪಾಯಿ. ತುಟಿ ಬಿಚ್ಚದೆ ಕೊಟ್ಟು ಬಂದೆವು. ಎರಡು ತಿಂಗಳಲ್ಲಿ ಆ ಬಣ್ಣ ಗಾಯದ ಹಕ್ಕಳೆಯಂತೆ ಎದ್ದು ಉದುರತೊಡಗಿತು. ಒಳಗಿನ ಎಳೆಗಳು ಮೊದಲಿನಂತೆಯೇ ಬಾಯಿ ತೆರೆದಿದ್ದವು.

ಆಮೇಲೆ ಒಮ್ಮೆ ಊರಿಗೆ ಹೋದಾಗ ನಮ್ಮ ಮನೆಯವರು, "ಬಸ್ ಸ್ಟ್ಯಾಂಡ್ ಹತ್ತಿರ ಬೇವಿನ ಮರದ ಕೆಳಗೆ ಒಬ್ಬರು ಕೂರ್ತಾರಲ್ಲ, ಅವರಿಗೊಮ್ಮೆ ತೋರಿಸಿ" ಎಂದರು. ತೋರಿಸಿದೆವು. ಆ ಹಿರಿಯರು ಚೀಲವನ್ನು ತಿರುಗಿಸಿ, ಮೂಸಿ ನೋಡಿ, "ಮಾಸ್ತರರ ಚೀಲ ಅಲ್ಲೇನ್ರಿ ಇದು? ಹಳೇ ತೊಗಲ್ರಿ, ತಂಗಡಿ ತೊಗಟೆ ಹಾಕಿ ಹದ ಮಾಡಿದ್ದು ಕಾಣ್ತದ" ಎಂದರು. ಅಂಚಿನ ಬಣ್ಣವನ್ನು ಉಗುರಿನಿಂದ ಎಬ್ಬಿಸಿ, "ಬಣ್ಣ ಬಡದ್ರ ಅಂಚು ಮುಚ್ಚಂಗಿಲ್ರಿ. ತಿಕ್ಕಿ ಮುಚ್ಚಬೇಕು" ಎಂದು ಕೆಲಸಕ್ಕೆ ಕುಳಿತರು.

ರಂಪಿಗೆಯಿಂದ ಹಳೆಯ ಬಣ್ಣವನ್ನೆಲ್ಲ ಕೆರೆದರು. ಅಂಚಿನ ಮೇಲೂ ಕೆಳಗೂ ಇದ್ದ ಚೂಪು ಮೂಲೆಗಳನ್ನು ಎಳೆಯಷ್ಟು ತೆಳ್ಳಗೆ ಸವರಿ ಗುಂಡಗೆ ಮಾಡಿದರು. ಬಡಗಿಗಳು ಬಳಸುವ ಪಾಲಿಶ್ ಪೇಪರಿನ ತುಂಡಿನಿಂದ ಉಜ್ಜಿದರು. ಬೆರಳನ್ನು ನೀರಿನಲ್ಲಿ ಅದ್ದಿ ಅಂಚಿನ ಮೇಲೆ ಒಮ್ಮೆ ಎಳೆದು, ಎಮ್ಮೆಯ ಕೋಡಿನ ನುಣುಪಾದ ತುಂಡಿನಿಂದ ತಿಕ್ಕತೊಡಗಿದರು. ಹೋಗಿ ಬರುವ ಬಸ್ಸುಗಳನ್ನು ಲೆಕ್ಕ ಹಾಕುತ್ತ ನಾವು ಕುಳಿತೆವು. ಕೊನೆಗೆ ಡಬ್ಬಿಯಿಂದ ಕಪ್ಪಗಾದ ಮೇಣದ ಗಟ್ಟಿಯೊಂದನ್ನು ತೆಗೆದು ಅಂಚಿಗೆ ಸವರಿ, ದಪ್ಪ ಬಟ್ಟೆಯಿಂದ ಬಿಸಿಯೇಳುವಂತೆ ಉಜ್ಜಿದರು. ಮುಗಿದಾಗ ಎರಡು ಪದರ ಒಂದೇ ಎನ್ನುವಂತೆ ಕೂಡಿಕೊಂಡಿತ್ತು. ಬೆರಳಾಡಿಸಿದರೆ ಗಾಜಿನಷ್ಟು ನುಣುಪು.

ಒಂದು ಗಂಟೆಗೂ ಹೆಚ್ಚು ಹಿಡಿದಿತ್ತು. ನೂರು ರೂಪಾಯಿ ಕೇಳಿದರು. ನಾವು ಎಂಬತ್ತು ಕೊಟ್ಟೆವು. ಅವರು ಮಾತಾಡಲಿಲ್ಲ. ಬಸ್ಸು ತಾಂಡೂರು ದಾಟುವ ಹೊತ್ತಿಗೆ ಆ 600ರ ಚೀಟಿ ನಮಗೆ ನೆನಪಾಯಿತು. ಕೆಟ್ಟ ಕೆಲಸಕ್ಕೆ ಚೌಕಾಶಿಯಿಲ್ಲದೆ ಕೊಟ್ಟ ಕೈ, ಒಳ್ಳೆಯ ಕೆಲಸಕ್ಕೆ ಇಪ್ಪತ್ತು ರೂಪಾಯಿ ಹಿಡಿದಿಟ್ಟಿತ್ತು. ಅಂಗಡಿಗೆ ಗಾಜಿನ ಬಾಗಿಲಿತ್ತು, ಇವರಿಗೆ ಬೇವಿನ ನೆರಳಿತ್ತು. ವ್ಯತ್ಯಾಸ ಅಷ್ಟೇ ಆಗಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಆದರೆ ಅಷ್ಟೇ ಅಲ್ಲ ಎಂದು ನಮಗೂ ಗೊತ್ತು, ನಿಮಗೂ ಗೊತ್ತು.

ಆ ಮಾತಿಗೆ ಹೋಗುವ ಮುನ್ನ ಕೆಲಸವನ್ನೇ ಸ್ವಲ್ಪ ತಿಳಿದುಕೊಳ್ಳೋಣ. ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ತೊಗಲು ನೀರನ್ನು ಹೀರುತ್ತದೆ. ನೀರು ಸೋಕಿದ ನಾರು ಮೆತ್ತಗಾಗುತ್ತದೆ. ಒತ್ತಿ ತಿಕ್ಕಿದಾಗ ಮಲಗುತ್ತದೆ, ತಿಕ್ಕುವ ಬಿಸಿಗೆ ಒಣಗುತ್ತ ಮಲಗಿದಲ್ಲೇ ಗಟ್ಟಿಯಾಗುತ್ತದೆ. ಉಳಿದ ಸಂದುಗಳನ್ನು ಮೇಣ ತುಂಬಿ ನೀರನ್ನು ಹೊರಗಿಡುತ್ತದೆ. ಅಂಚನ್ನು ಮುಚ್ಚುವುದು ತಿಕ್ಕುವ ಕೈ, ಮೇಣ ಅದಕ್ಕೆ ಕಾವಲು. ತಂಗಡಿಯೆಂದರೆ ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ಅದೇ ಗಿಡ. ತೆಲುಗಿನಲ್ಲಿ ತಂಗೇಡು. ಈಗ ಅದು ತೆಲಂಗಾಣದ ರಾಜ್ಯಪುಷ್ಪ, ಬತುಕಮ್ಮ ಹಬ್ಬದಲ್ಲಿ ಅದಿಲ್ಲದೆ ಆಗದು. ಅದರ ತೊಗಟೆಯಲ್ಲಿ ಎಷ್ಟೋ ತಲೆಮಾರು ತೊಗಲು ಹದವಾಗಿದೆ.

ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ತೊಗಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಅದರ ನಾರು ಎಷ್ಟು ತಿಕ್ಕಿದರೂ ರಬ್ಬರಿನಂತೆ ಮತ್ತೆ ಏಳುತ್ತದೆ. ಅಂಥದಕ್ಕೆ ಬಣ್ಣವೇ ಗತಿ. ಗುರುತಿಸುವುದು ಹೇಗೆ? ಕತ್ತರಿಸಿದ ಅಂಚು ಒಳಗೆ ನೀಲಿ ಬೂದಾಗಿದ್ದರೆ ಅದು ಹೆಚ್ಚಾಗಿ ಕ್ರೋಮ್. ಕಂದು ಬಣ್ಣವಿದ್ದು, ಒಂದು ಹನಿ ನೀರು ಬಿಟ್ಟರೆ ಬೇಗ ಹೀರಿ ಕಪ್ಪಾದರೆ ತೊಗಟೆಯ ಹದದ್ದು.

ಮನೆಯಲ್ಲೇ ಮೇಣ ಮಾಡಿಕೊಳ್ಳುವುದು ಕಷ್ಟವಲ್ಲ. ನಾವು ಮಾಡುವ ಅಳತೆ ಇದು: ಜೇನುಮೇಣ 60 ಗ್ರಾಂ, ಕರೆಂಟು ಹೋದಾಗ ಹಚ್ಚುವ ಬಿಳಿ ಮೇಣದಬತ್ತಿ 30 ಗ್ರಾಂ, ಅಗಸೆ ಎಣ್ಣೆ ಒಂದು ಚಹಾ ಚಮಚ. ಜೇನುಮೇಣ ಚೆನ್ನಾಗಿ ಅಂಟುತ್ತದೆ, ಆದರೆ ಮೆದು. ಮೇಣದಬತ್ತಿ ಗಟ್ಟಿ, ಆದರೆ ಒಂದನ್ನೇ ಹಚ್ಚಿದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಣ್ಣೆ ಬಿರುಕನ್ನು ತಡೆಯುತ್ತದೆ. ಅಗಸೆ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗುವ ಜಾತಿಯದು, ಅದಕ್ಕೇ ಅದು. ಶೇಂಗಾ ಎಣ್ಣೆ ಹಾಗೆ ಒಣಗುವುದಿಲ್ಲ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ.

ಜೇನುಮೇಣ ಕೊಳ್ಳುವಾಗ ಮೂಸಿ ನೋಡಿ, ಜೇನಿನ ಪರಿಮಳವಿರಬೇಕು. ಮುರಿದರೆ ಒಳಗೆ ಮಂಕಾಗಿ, ಸಣ್ಣ ಕಾಳುಕಾಳಾಗಿ ಕಾಣಬೇಕು. ಅದು 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಆದ್ದರಿಂದ ಮೇಣದ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿದರೆ ಸಾಕು. ನೇರವಾಗಿ ಒಲೆಯ ಮೇಲೆ ಖಂಡಿತ ಇಡಬೇಡಿ. ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಿ ಒಲೆ ಆರಿಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ. ಕರಗಿದ ಮೇಣವನ್ನು ಕಾಗದದ ಲೋಟದಲ್ಲಿ ಸುರಿದು ಆರಿಸಿದರೆ ಹಿಡಿಯಲು ಅನುಕೂಲವಾದ ಗಟ್ಟಿ ಸಿದ್ಧ.

ನಮ್ಮ ಮೊದಲ ಗಟ್ಟಿ ಕೆಟ್ಟಿತು. ಒಳ್ಳೆಯದಾಗಲಿ ಎಂದು ನಾಲ್ಕು ಚಮಚ ಎಣ್ಣೆ ಸುರಿದಿದ್ದೆವು. ಚಳಿಗಾಲದಲ್ಲಿ ಚೆನ್ನಾಗಿಯೇ ಇತ್ತು. ಮೇ ತಿಂಗಳ ಬಿಸಿಲಿಗೆ ಬೆಲ್ಟಿನ ಅಂಚು ಜಿಗುಟಾಗಿ, ಊರ ದೂಳನ್ನೆಲ್ಲ ಅಂಟಿಸಿಕೊಂಡು, ಬಿಳಿ ಅಂಗಿಗೆ ಗೆರೆ ಎಳೆಯಿತು. ಆ ಗಟ್ಟಿಯನ್ನು ಹಿಡಿದುಕೊಂಡೇ ಮತ್ತೆ ಬೇವಿನ ಮರದ ಹತ್ತಿರ ಹೋದೆವು. ಹಿರಿಯರು ಉಗುರಿನಿಂದ ಗೀರಿ, ಬೆರಳಲ್ಲಿ ಉಜ್ಜಿ, ನಕ್ಕರು. "ಎಣ್ಣಿ ಭಾಳ ಆತ್ರಿ. ನಮ್ಮ ಬಿಸಿಲಿಗಿ ಇದು ನಡೆಯಂಗಿಲ್ಲ" ಎಂದರು. ಮೇಲೆ ಕೊಟ್ಟ ಅಳತೆ ಅವರು ತಿದ್ದಿದ ಮೇಲಿನದು.

ಅಂದು ನಾವು ಕೇಳಿದೆವು, "ಕಾಕಾ, ಈ ಕೆಲಸ ಮಗನಿಗೆ ಕಲಿಸಿದ್ದೀರೇನು?"

"ಇಲ್ರಿ. ಅಂವ ಹೈದ್ರಾಬಾದ್‌ನಾಗ ಲಿಫ್ಟ್ ರಿಪೇರಿ ಕಲ್ತಾನ. ಇದು ಬ್ಯಾಡಂತ ನಾನೇ ಹೇಳ್ದೆ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಕೆಲಸ ಕೆಟ್ಟದ್ದಲ್ರಿ. ಕೆಲಸದ ಹೆಸರು ಹಿಡದು ಬೈತಾರಲ್ಲ, ಅದಕ್ಕ."

ನಮ್ಮಲ್ಲಿ ಉತ್ತರವಿರಲಿಲ್ಲ. ಹಳೆಯ ಕಸುಬುಗಳು ಅಳಿಯುತ್ತಿವೆ ಎಂದು ಮರುಗುವುದು ನಮ್ಮಂಥವರಿಗೆ ಸುಲಭ. ಆ ಕಸುಬಿನ ಹೆಸರನ್ನೇ ಬೈಗುಳ ಮಾಡಿಟ್ಟವರು ಯಾರು? ಮಗ ಬಿಟ್ಟುಹೋದದ್ದು ಕೋಡಿನ ತುಂಡನ್ನೂ ಮೇಣವನ್ನೂ ಅಲ್ಲ, ಆ ಬೈಗುಳವನ್ನು. ಅವನು ಮಾಡಿದ್ದು ಸರಿ ಎಂದೇ ನಾವು ಹೇಳುತ್ತೇವೆ.

ಜಹೀರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಹೋದರೆ ಬಸವಕಲ್ಯಾಣದ ದಾರಿ ಸಿಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಹರಳಯ್ಯ ಎಂಬ ಶರಣರಿದ್ದರು, ಚಪ್ಪಲಿ ಹೊಲಿಯುವ ಕಾಯಕದವರು. ಅವರ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಹೇಳಿದರಂತೆ. ಆ ಋಣ ತೀರಿಸಲು ಹರಳಯ್ಯನವರೂ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಪರಂಪರೆ ಹೇಳುತ್ತದೆ. ಮುಂದೆ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ತಂದೆಯರೂ ಪ್ರಾಣ ತೆತ್ತರು ಎಂಬುದೂ ಅದೇ ಕಥೆಯ ಭಾಗ. ನಮ್ಮ ಶ್ರೀಗ್ರಂಥದಲ್ಲೂ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. ಚರ್ಮ ಹದಮಾಡುವವರ ಮನೆಯನ್ನು ಯೆಹೂದ್ಯರು ಹೊಲೆಯೆಂದು ದೂರವಿಡುತ್ತಿದ್ದ ಕಾಲದಲ್ಲಿ ಪ್ರೇಷಿತ ಪೇತ್ರರು ಜೊಪ್ಪ ಊರಿನಲ್ಲಿ ಸಮುದ್ರದ ಬಳಿಯಿದ್ದ ಸಿಮೋನನೆಂಬ ಚರ್ಮಕಾರನ ಮನೆಯಲ್ಲೇ ಬಹಳ ದಿನ ತಂಗಿದ್ದರು. ಎರಡು ಕಥೆಗಳನ್ನೂ ನಾವು ಭಕ್ತಿಯಿಂದ ಕೇಳುತ್ತೇವೆ. ಕೇಳಿ ಹೊರಗೆ ಬಂದು ಇಪ್ಪತ್ತು ರೂಪಾಯಿ ಕಡಿಮೆ ಕೊಡುತ್ತೇವೆ.

ಹೊರಗಿನವರು ನಮಗಿಂತ ಮೇಲು ಎಂದುಕೊಳ್ಳುವುದೂ ಬೇಡ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಅಥಣಿ, ನಿಪ್ಪಾಣಿ ಕಡೆಯ ಕುಟುಂಬಗಳು ಅದನ್ನು ಮಾಡುತ್ತ ಬಂದಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಇಟ್ಟಿತು. ಬೆಲೆ ಲಕ್ಷ ರೂಪಾಯಿಗೂ ಮೀರಿದ್ದೆಂದು ಪತ್ರಿಕೆಗಳು ಬರೆದವು. ಮಾಡಿದವರ ನಾಡಿನ ಹೆಸರು ಮಾತ್ರ ಇರಲಿಲ್ಲ. ಗಲಾಟೆಯಾದ ಮೇಲೆ ಕಂಪನಿ ಆ ಋಣವನ್ನು ಒಪ್ಪಿಕೊಂಡಿತು. ಅಲ್ಲಿ ಹೆಸರು ಮರೆತರು, ಇಲ್ಲಿ ನಾವು ಹೆಸರನ್ನು ಬೈಗುಳ ಮಾಡಿದೆವು.

ಹಾಗಾದರೆ ನಾವು ಮಾಡಬಹುದಾದದ್ದೇನು? ಎರಡು ನಮ್ಮ ಕೈಯಲ್ಲಿವೆ. ಮೊದಲನೆಯದು, ಕೇಳಿದ ಕೂಲಿಯನ್ನು ಕೇಳಿದಷ್ಟೇ ಕೊಡುವುದು. ಎರಡನೆಯದು, ಈ ಕೆಲಸವನ್ನು ನಮ್ಮ ಕೈಯಿಂದಲೂ ಮಾಡುವುದು. ಒಂದು ಕೆಲಸ ಒಂದೇ ಕೇರಿಯ ಪಾಲಿಗೆ ಬಿದ್ದಿರುವ ತನಕ ಅದರ ಹೆಸರು ಹಿಡಿದು ಬೈಯಬಹುದು. ಎಲ್ಲರ ಮನೆಯ ಮಕ್ಕಳೂ ರಜೆಯಲ್ಲಿ ಕುಳಿತು ತೊಗಲಿನ ಅಂಚು ತಿಕ್ಕಿದರೆ ಯಾರನ್ನು ಬೈಯುವುದು? ನಮ್ಮ ಮನೆಯಲ್ಲಿ ಈಗ ಇಬ್ಬರು ಮಕ್ಕಳೂ ತಮ್ಮ ಬೆಲ್ಟನ್ನು ತಾವೇ ತಿಕ್ಕುತ್ತಾರೆ. ಮೊದಮೊದಲು ನೀರು ಹೆಚ್ಚಾಗಿ ಅಂಚು ಅಣಬೆಯಂತೆ ಹರಡುತ್ತಿತ್ತು. ಈಗ ಕಲಿತಿದ್ದಾರೆ. ತೋಳು ನೋಯುತ್ತದೆ ಎನ್ನುತ್ತಾರೆ. ನೋಯಲಿ ಬಿಡಿ, ಆಗ ನೂರು ರೂಪಾಯಿ ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಕಳೆದ ಸಲ ಊರಿಗೆ ಹೋದಾಗ ಬಾಕಿ ಇಪ್ಪತ್ತು ರೂಪಾಯಿಯನ್ನು ಹಿರಿಯರ ಮುಂದಿಟ್ಟೆವು. ಅವರು ತೆಗೆದುಕೊಳ್ಳಲಿಲ್ಲ. ಹೊಸ ಅಳತೆಯಲ್ಲಿ ಮಾಡಿದ ಮೇಣದ ಗಟ್ಟಿಯನ್ನು ಕೊಟ್ಟೆವು. ಅದನ್ನು ಉಗುರಿನಿಂದ ಗೀರಿ, ಮೂಸಿ ನೋಡಿ, ತಮ್ಮ ಡಬ್ಬಿಗೆ ಹಾಕಿಕೊಂಡರು. "ಈಗ ಬಂತ್ರಿ" ಎಂದರು.

ತಂದೆಯವರ ಚೀಲ ಈಗಲೂ ಗಟ್ಟಿಯಾಗಿದೆ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದರೆ ಹೊರಗೆ ತೆಗೆಯಿರಿ.