ಓಮ್ ಅಂದರೆ ಬೇಸ್ ಅಲ್ಲ, ತಮ್ಮಾ!

ನಮ್ಮ ಪ್ರೆಸ್ಸಿನಲ್ಲಿ ಕೆಲಸಕ್ಕೊಬ್ಬ ಹುಡುಗ ಇದ್ದಾನೆ. ಚನ್ನಗಿರಿ ಪಕ್ಕದ ಹಳ್ಳಿಯವನು. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಮುಗಿಸಿದ್ದಾನೆ. ಪೊಲೀಸ್ ಪರೀಕ್ಷೆಗೆ ಕೂರಬೇಕೆಂದು ಮೊಬೈಲಿನಲ್ಲಿ ಪಾಠ ಕೇಳುತ್ತಾನೆ. ಕಳೆದ ತಿಂಗಳು ದುಡ್ಡು ಕೂಡಿಸಿ ಕಿವಿಯ ಮೇಲೆ ಕೂರುವ ಜಾತಿಯ ವೈರ್ ಹೆಡ್‌ಫೋನ್ ತಂದ. ಪೆಟ್ಟಿಗೆಯ ಹಿಂದೆ ಏಳೆಂಟು ಸಾಲು ಇಂಗ್ಲಿಷು. 'ಇದೇನಣ್ಣ 32 ಓಮ್?' ಎಂದು ಅಂಗಡಿಯವನನ್ನು ಕೇಳಿದನಂತೆ. 'ಓಮ್ ಜಾಸ್ತಿ ಇದ್ದಷ್ಟೂ ಬೇಸ್ ಜಾಸ್ತಿ ಗುರೂ, ತಗೋ' ಎಂದನಂತೆ ಅವನು. ಇವನು ತಗೊಂಡ.

ಅಡಿಕೆ ಕೈಯಲ್ಲಿ ಹಿಡಿದರೆ ಸಾಕು, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಹೇಳುವ ಊರು ನಮ್ಮದು. ತೂಕದಲ್ಲಿ ಅರ್ಧ ಕೆಜಿ ಹೋದರೆ ಮಂಡಿ ಮುಂದೆ ಜಗಳಕ್ಕೆ ನಿಲ್ಲುತ್ತೇವೆ. ಅದೇ ನಾವು ಸಾವಿರ ರೂಪಾಯಿಯ ಸಾಮಾನನ್ನು ಅಂಗಡಿಯವನ ಬಾಯಿಮಾತು ನಂಬಿ ತರುತ್ತೇವೆ! ಬೆಂಗಳೂರು, ಮೈಸೂರಿನ ಹುಡುಗರೇನು ಬುದ್ಧಿವಂತರಾ? ಅವರೂ ಪೆಟ್ಟಿಗೆಯ ಮುಂಭಾಗದ ಚಿತ್ರ ನೋಡಿ ಕೊಳ್ಳುವವರೇ. ಹಿಂಭಾಗ ಇಂಗ್ಲಿಷಿನಲ್ಲಿದೆ, ಅದು ನಮಗಲ್ಲ ಎಂದು ಮೊದಲೇ ಕೈಚೆಲ್ಲಿರುತ್ತಾರೆ.

ಗೆಳೆಯರೇ, ಆ ಹಿಂಭಾಗದಲ್ಲಿ ಇರುವುದು ನೀವು ಕನ್ನಡದಲ್ಲೇ ಓದಿ ಪಾಸಾದ ಪಾಠ. ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಶಬ್ದದ ಪಾಠ ಇರಲಿಲ್ಲವೇ? ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಜ್ ಆವೃತ್ತಿಯ ಶಬ್ದ ಕೇಳುತ್ತದೆ ಎಂದು ಬಾಯಿಪಾಠ ಮಾಡಲಿಲ್ಲವೇ? ಪೆಟ್ಟಿಗೆಯ ಮೇಲಿನ 'ಫ್ರೀಕ್ವೆನ್ಸಿ ರೆಸ್ಪಾನ್ಸ್' ಅದೇ. ಕೆಲವರು 12ರಿಂದ 22,000 ಎಂದು ಹಾಕಿರುತ್ತಾರೆ. ನಿಮ್ಮ ಕಿವಿಗೇ ಕೇಳದ ಶಬ್ದಕ್ಕೆ ನೀವು ಯಾಕೆ ಕಾಸು ಕೊಡಬೇಕು? ಆ ಎರಡು ತುದಿಯ ನಡುವೆ ಎಷ್ಟು ಡೆಸಿಬೆಲ್ ಏರುಪೇರು ಇದೆ ಎಂದು ಬರೆಯದಿದ್ದರೆ ಆ ಸಾಲಿಗೆ ಬೆಲೆಯೇ ಇಲ್ಲ. ಡ್ರೈವರ್ 30 ಮಿ.ಮೀ., 40 ಮಿ.ಮೀ. ಎನ್ನುವುದೂ ಹಾಗೆಯೇ. ಮಷೀನು ದೊಡ್ಡದಾದ ಮಾತ್ರಕ್ಕೆ ಅಚ್ಚು ಚೆನ್ನಾಗಿ ಬರುತ್ತದೆಯೇ?

ಇನ್ನು ಓಮ್. ಇದು ಹತ್ತನೇ ತರಗತಿಯ ವಿದ್ಯುತ್ತಿನ ಪಾಠದ ರೋಧ. ಹಾಡಿನ ವಿದ್ಯುತ್ತು ಹಿಂದೆ ಮುಂದೆ ಓಡಾಡುವಂಥದ್ದಾದ್ದರಿಂದ ಇಂಪಿಡೆನ್ಸ್ ಎಂಬ ಬೇರೆ ಹೆಸರು, ಅಷ್ಟೇ. ಬೇಸಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಮೊಬೈಲು ಕೊಡುವ ವೋಲ್ಟೇಜಿಗೆ ಮಿತಿ ಇದೆ. ಓಮ್ ಕಮ್ಮಿ ಇದ್ದರೆ ಅಷ್ಟೇ ವೋಲ್ಟೇಜಿಗೆ ಹೆಚ್ಚು ವಿದ್ಯುತ್ತು ಹರಿಯುತ್ತದೆ, ಓಮ್ ಜಾಸ್ತಿಯಾದರೆ ಕಮ್ಮಿ. ಮೊಬೈಲಿಗೆ 16ರಿಂದ 32ರ ಆಸುಪಾಸು ಸಾಕು. ಸ್ಟುಡಿಯೋದವರ 250, 300 ಓಮಿನ ಮಾಲು ತಂದು ಮೊಬೈಲಿಗೆ ಚುಚ್ಚಿದರೆ ಅನೇಕ ಸಲ ಧ್ವನಿಯೇ ಏಳುವುದಿಲ್ಲ.

ಮೂರನೆಯದು ಸೆನ್ಸಿಟಿವಿಟಿ. ಒಂದು ಮಿಲಿವಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಶಬ್ದ ಹೊರಡುತ್ತದೆ ಎಂಬ ಲೆಕ್ಕ. ಇದನ್ನು ಓಮಿನ ಜೊತೆಗಿಟ್ಟು ಓದಬೇಕು, ಬೇರೆಯಾಗಿ ಓದಿದರೆ ಮೋಸ ಹೋಗುತ್ತೀರಿ. ಎರಡು ಮಾಲು ತೆಗೆದುಕೊಳ್ಳಿ. ಸೋನಿಯ ಝಡ್‌ಎಕ್ಸ್ 110: 24 ಓಮ್, 98 ಡೆಸಿಬೆಲ್. 1984ರಲ್ಲಿ ಬಂದು ಇಂದಿಗೂ ಹೆಸರು ಉಳಿಸಿಕೊಂಡಿರುವ ಕಾಸ್ ಕಂಪನಿಯ ಪೋರ್ಟಾ ಪ್ರೊ: 60 ಓಮ್, 101 ಡೆಸಿಬೆಲ್. 101 ದೊಡ್ಡದು, ಅದೇ ಜೋರು ಎನ್ನುತ್ತೀರಿ. ತಾಳಿ. ಒಂದೇ ಮೊಬೈಲಿಗೆ, ಒಂದೇ ವಾಲ್ಯೂಮಿಗೆ ಎರಡನ್ನೂ ಹಾಕಿದರೆ 24 ಓಮಿನದು 60 ಓಮಿನದಕ್ಕಿಂತ ಎರಡೂವರೆ ಪಟ್ಟು ಶಕ್ತಿ ಎಳೆದುಕೊಳ್ಳುತ್ತದೆ. ಎರಡೂವರೆ ಪಟ್ಟು ಎಂದರೆ ಡೆಸಿಬೆಲ್ ಲೆಕ್ಕದಲ್ಲಿ 4. ಅಂದರೆ ಕಾಸ್ 101 ಕೊಡುವ ಜಾಗದಲ್ಲಿ ಸೋನಿ 102 ಕೊಡುತ್ತದೆ! ಕಮ್ಮಿ ನಂಬರಿನದೇ ಒಂದು ಕೂದಲು ಜೋರು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 'ಮ್ಯಾಕ್ಸಿಮಮ್ ಇನ್‌ಪುಟ್ 1,000 ಮಿಲಿವಾಟ್' ಎಂಬ ಸಾಲನ್ನು ತೋರಿಸಿ 'ನೋಡು, ಪವರ್' ಎನ್ನುವ ಅಂಗಡಿಯವರಿದ್ದಾರೆ. ಅದು ಹೆಡ್‌ಫೋನ್ ಸುಟ್ಟುಹೋಗದೆ ತಡೆದುಕೊಳ್ಳುವ ಮಿತಿ. ನಿಮ್ಮ ಕಿವಿ ತಡೆದುಕೊಳ್ಳುವ ಮಿತಿ ಅಲ್ಲ. ಒಂದು ಮಿಲಿವಾಟಿಗೆ 98 ಡೆಸಿಬೆಲ್ ಆದರೆ ಸಾವಿರಕ್ಕೆ ಲೆಕ್ಕದ ಪ್ರಕಾರ 128. ಅಲ್ಲಿಗೆ ಕಿವಿಯ ಕಥೆ ಮುಗಿಯಿತು.

ಹಾಗಾದರೆ ಕಿವಿಯ ಮಿತಿ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದು: 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಏರಿಸಿದರೆ ವಾರಕ್ಕೆ 4 ಗಂಟೆ. 98ಕ್ಕೆ? ವಾರವಿಡೀ ಸೇರಿ ಸುಮಾರು 40 ನಿಮಿಷ. ಆ 98ನ್ನು ಎಬ್ಬಿಸಲು ಬೇಕಾದ ಒಂದು ಮಿಲಿವಾಟು ಮೊಬೈಲಿಗೆ ಎಡಗೈ ಕೆಲಸ.

ಕಿವಿಯ ಮೇಲೆ ಕೂರುವ ಹೆಡ್‌ಫೋನಿಗೆ ಇದು ಇನ್ನೂ ದೊಡ್ಡ ಕುತ್ತು. ಇಡೀ ಕಿವಿಯನ್ನು ಮುಚ್ಚುವ ದೊಡ್ಡ ಜಾತಿಯದರ ಹಾಗೆ ಇದು ಹೊರಗಿನ ಗದ್ದಲವನ್ನು ತಡೆಯುವುದಿಲ್ಲ. ಮೆತ್ತೆ ಕಿವಿಯ ಹಾಳೆಯ ಮೇಲೆ ಕೂರುತ್ತದೆ, ಸಂದು ಉಳಿಯುತ್ತದೆ, ಸಂದಿನಲ್ಲಿ ಬೇಸು ಸೋರುತ್ತದೆ. ಪರೀಕ್ಷೆ ಮಾಡಿ ನೋಡಿ: ಹಾಡು ಕೇಳುತ್ತಾ ಎರಡೂ ಮೆತ್ತೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ಹೆಚ್ಚಾಯಿತಲ್ಲ? ಅಂಗಡಿಯವನು ಓಮಿನಲ್ಲಿ ಹುಡುಕಿದ ಬೇಸ್ ಇದ್ದದ್ದು ಅಲ್ಲಿ. ಕೊಳ್ಳುವ ಮೊದಲು ತಲೆಗೆ ಹಾಕಿ ಕೂರುತ್ತದೋ ಇಲ್ಲವೋ ನೋಡುವುದು ಪೆಟ್ಟಿಗೆಯ ಅರ್ಧ ಸಾಲುಗಳಿಗಿಂತ ಮೇಲು.

ನಮ್ಮ ಹುಡುಗ ಎಲ್ಲೆಲ್ಲಿ ಹಾಕಿಕೊಳ್ಳುತ್ತಾನೆ? ದಾವಣಗೆರೆ ಬಸ್ಸಿನಲ್ಲಿ, ಇಂಜಿನ್ ಪಕ್ಕದ ಸೀಟಿನಲ್ಲಿ. ಸೀಜನ್ನಿನಲ್ಲಿ ಖೇಣಿ ಮನೆಗೆ ಹೋದರೆ ಅಡಿಕೆ ಸುಲಿಯುವ ಮಷೀನಿನ ಎದುರು. ಇಲ್ಲಿ ನನ್ನ ಆಫ್‌ಸೆಟ್ ಮಷೀನಿನ ಬುಡದಲ್ಲಿ. ಗದ್ದಲ ಒಳಗೆ ಬರುತ್ತದೆ, ಪಾಠ ಕೇಳಿಸುವುದಿಲ್ಲ, ಇವನು ವಾಲ್ಯೂಮ್ ಏರಿಸುತ್ತಾನೆ. ಗದ್ದಲದ ಮೇಲೆ ಪಾಠವನ್ನು ಕೂರಿಸಬೇಕಲ್ಲ! ಹೀಗೆ ಹಾಳಾಗುವ ಕಿವಿ ಒಂದೇ ದಿನಕ್ಕೆ ಕಿವುಡಾಗುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಜಿನ ಆಸುಪಾಸು. ಸ, ಶ, ಚ ಮುಂತಾದ ಅಕ್ಷರಗಳ ಮೊನಚು ಇರುವುದು ಆ ಎತ್ತರದ ಆವೃತ್ತಿಗಳಲ್ಲೇ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಒಳಗಿವಿಯ ಆ ಸೂಕ್ಷ್ಮ ಕೂದಲು ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಮಷೀನಿನ ಪಕ್ಕ ನಿಂತ ನನಗೆ ಫೋನಿನಲ್ಲಿ 'ಸರಿ' ಎಂದರೋ 'ಮರಿ' ಎಂದರೋ ಈಗಲೇ ಅನುಮಾನ.

ಪಿನ್ನಿನ ಮಾತನ್ನೂ ಹೇಳಿಬಿಡುತ್ತೇನೆ. 3.5 ಮಿ.ಮೀ. ಪಿನ್ನಿನ ಮೇಲೆ ಎರಡು ಗೆರೆ ಇದ್ದರೆ ಬರೀ ಕೇಳುವುದು, ಮೂರು ಗೆರೆ ಇದ್ದರೆ ಮೈಕೂ ಇದೆ. ತೂತಿಲ್ಲದ ಹೊಸ ಫೋನಿಗೆ ಟೈಪ್-ಸಿ ಕನೆಕ್ಟರ್ ಬೇಕು, ಅದನ್ನು ನಿಮ್ಮ ಫೋನಿಗೇ ಹಾಕಿ ನೋಡಿ ತನ್ನಿ.

ಇಷ್ಟನ್ನು ಪೆಟ್ಟಿಗೆಯೇ ಕನ್ನಡದಲ್ಲಿ ಹೇಳಬಾರದೇ? ಕೇಂದ್ರದ 2011ರ ಪ್ಯಾಕೇಜ್ ಸರಕು ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಹಾಕಿದರೆ ಅಡ್ಡಿಯಿಲ್ಲ, ಹಾಕಲೇಬೇಕೆಂದೂ ಇಲ್ಲ. ಅಡ್ಡಿಯಿಲ್ಲ ಎಂದರೆ ಯಾರು ಹಾಕುತ್ತಾರೆ? ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗುವ ಸರಕಿನ ಮಾತಾಡುತ್ತದೆ. ಹೊರಗಿನಿಂದ ಬಂದ ಪೆಟ್ಟಿಗೆಗೆ ಅದು ತಾಗುವುದಿಲ್ಲ. ಇನ್ನು ಓಮ್, ಡೆಸಿಬೆಲ್ಲುಗಳು ಆ ಕೇಂದ್ರ ನಿಯಮದ ಕಡ್ಡಾಯ ಪಟ್ಟಿಯಲ್ಲೇ ಇಲ್ಲ. ಬೆಲೆ, ವಿಳಾಸ, ತಿಂಗಳು ಇದ್ದರೆ ಆಯಿತು.

ಖರ್ಚಾಗುತ್ತದೆ ಎಂದು ಯಾವ ಕಂಪನಿಯವನೂ ನನ್ನ ಮುಂದೆ ಹೇಳಬೇಡ. ನಾನು ಅಚ್ಚು ಹಾಕುವವನು. ಕಪ್ಪು ಬಣ್ಣಕ್ಕೆ ಒಂದು ಪ್ಲೇಟು ಹೇಗೂ ಮಾಡಲೇಬೇಕು. ಅದೇ ಪ್ಲೇಟಿನಲ್ಲಿ ಆರು ಸಾಲು ಕನ್ನಡ ಕೂರಿಸಿದರೆ ಇನ್ನೊಂದು ಪ್ಲೇಟು ಬೇಡ, ಇನ್ನೊಂದು ಬಣ್ಣ ಬೇಡ, ಹಾಳೆ ಇನ್ನೊಂದು ಸಲ ಮಷೀನಿಗೆ ಹೋಗುವುದೂ ಬೇಡ. ಟೈಪ್ ಮಾಡುವ, ಕರಡು ತಿದ್ದುವ ಕೂಲಿ, ಅಷ್ಟೇ.

ನಮ್ಮ ಹುಡುಗ ಈಗ ಮಷೀನು ಓಡುವಾಗ ಹೆಡ್‌ಫೋನನ್ನು ಮೊಳೆಗೆ ನೇತುಹಾಕುತ್ತಾನೆ, ಗೊಣಗುತ್ತಲೇ. ಮೊನ್ನೆ ತನ್ನ ಪೆಟ್ಟಿಗೆಯ ಹಿಂಭಾಗವನ್ನು ತಾನೇ ಕನ್ನಡಕ್ಕೆ ಇಳಿಸಿ ತಂದ. ಉಳಿದ ಕಾಗದದ ತುಂಡಿನಲ್ಲಿ ನೂರು ಪ್ರತಿ ತೆಗೆದುಕೊಟ್ಟೆ. ಒಂದನ್ನು ಅದೇ ಅಂಗಡಿಯವನಿಗೆ ಕೌಂಟರಿಗೆ ಅಂಟಿಸು ಎಂದು ಕೊಟ್ಟು ಬಂದಿದ್ದಾನೆ. ಅಂಟಿಸಿದ್ದಾನೋ, ಬಜ್ಜಿ ಕಟ್ಟಲು ಕೊಟ್ಟಿದ್ದಾನೋ, ಸಂಜೆ ಬಸ್‌ಸ್ಟ್ಯಾಂಡಿನ ಕಡೆ ಹೋದಾಗ ನೋಡಿ ಬರಬೇಕು.