ಕಾರ್ಡೋಬಾ: ಹೊರಗಟ್ಟಿದವರ ಪ್ರತಿಮೆಗಳು

ಸ್ಪೇನ್ ದೇಶಕ್ಕೆ ಹೋಗಿಬಂದ ಮೇಲೆ ಪ್ರವಾಸಕಥನ ಬರೆಯಿರೆಂದು ಹಳೆಯ ಶಿಷ್ಯರೂ ಸಹೋದ್ಯೋಗಿಗಳೂ ಒತ್ತಾಯಿಸುತ್ತಲೇ ಇದ್ದಾರೆ. ವಿಮಾನದಲ್ಲಿ ಕೊಟ್ಟ ಊಟ, ಹೋಟೆಲಿನ ಬಿಸಿನೀರು, ಎಲ್ಲಿಯೂ ದೊರೆಯದ ಅನ್ನ-ಸಾರು, ಇವನ್ನೆಲ್ಲ ನನಗಿಂತ ಸೊಗಸಾಗಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನಲ್ಲಿ ಉಳಿದಿರುವುದು ಒಂದು ತಕರಾರು ಮಾತ್ರ. ಅದು ಕಾರ್ಡೋಬಾ ನಗರದಲ್ಲಿ ಕಳೆದ ಒಂದು ಹಗಲಿನಲ್ಲಿ ಹುಟ್ಟಿಕೊಂಡಿತು; ಊರಿಗೆ ಬಂದು ತಿಂಗಳುಗಳಾದರೂ ಶಮನವಾಗಿಲ್ಲ.

ಮ್ಯಾಡ್ರಿಡ್‌ನಿಂದ ಕಾರ್ಡೋಬಾಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಯೂ ಬೇಕಿಲ್ಲ. 1992ರಲ್ಲಿ ಈ ಮಾರ್ಗ ತೆರೆದಂದಿನಿಂದ ಬೆಳಗ್ಗೆ ಹೋಗಿ ಸಂಜೆಗೆ ಮರಳುವುದು ಸುಲಭವಾಗಿದೆ. ನಮ್ಮದೂ ಅಂಥದೇ ಪ್ರವಾಸ. ಇಪ್ಪತ್ತೆರಡು ಜನರ ತಂಡ. ನಾನು, ನನ್ನ ಮಗಳು, ಬೆಂಗಳೂರಿನ ಒಂದಿಬ್ಬರು, ಉಳಿದವರು ನಾನಾ ಕಡೆಯವರು. ಮುಂದೆ ಹಳದಿ ಕೊಡೆ ಎತ್ತಿ ಹಿಡಿದ ಮಾರ್ಗದರ್ಶಿ. ಆಕೆಯ ಮೊದಲ ವಾಕ್ಯವೇ ಹೀಗಿತ್ತು: ಈ ಊರಿನಲ್ಲಿ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ನೂರಾರು ವರ್ಷ ಒಡಹುಟ್ಟಿದವರಂತೆ ಬಾಳಿದರು. ದಿನವಿಡೀ ಈ ಮಾತನ್ನು ಐದಾರು ಸಲ ಕೇಳಿದೆ. ಅಂಗಡಿಗಳಲ್ಲಿ ಶಿಲುಬೆ, ಅರ್ಧಚಂದ್ರ, ಆರು ಮೂಲೆಯ ನಕ್ಷತ್ರ ಮೂರನ್ನೂ ಒಟ್ಟಿಗೆ ಅಚ್ಚೊತ್ತಿದ ತಟ್ಟೆಗಳನ್ನು ಮಾರುತ್ತಿದ್ದರು.

ಆಕೆಯನ್ನು ದೂರುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದ ನಾನೂ ಅರಬರ ಸ್ಪೇನನ್ನು ಇಂಥದೇ ಒಂದೂವರೆ ವಾಕ್ಯದಲ್ಲಿ ಮುಗಿಸಿ ಕೊಲಂಬಸನ ಹಡಗು ಹತ್ತುತ್ತಿದ್ದೆ.

ಹಳೆಯ ಯಹೂದಿ ಕೇರಿಯ ಪುಟ್ಟ ಚೌಕವೊಂದರಲ್ಲಿ ಮೈಮೋನಿಡೀಸನ ಕಂಚಿನ ಪ್ರತಿಮೆಯಿದೆ. ಮಡಿಲಲ್ಲಿ ಪುಸ್ತಕ ಹಿಡಿದು ಕುಳಿತ ಆ ವೈದ್ಯ-ತತ್ತ್ವಜ್ಞಾನಿಯ ಪಾದರಕ್ಷೆಯ ತುದಿ ಪ್ರವಾಸಿಗರು ಉಜ್ಜಿ ಉಜ್ಜಿ ಹೊಳೆಯುತ್ತಿದೆ. ಮುಟ್ಟಿದರೆ ಜ್ಞಾನ ಬರುತ್ತದೆಯಂತೆ. ನಮ್ಮ ತಂಡದವರೂ ಸಾಲು ನಿಂತು ಮುಟ್ಟಿದರು. ಇಲ್ಲಿ ಹುಟ್ಟಿದವನು 1204ರಲ್ಲಿ ಈಜಿಪ್ಟಿನಲ್ಲಿ ಏಕೆ ಸತ್ತನೆಂದು ಯಾರೂ ಕೇಳಲಿಲ್ಲ. 1148ರಲ್ಲಿ ಅಲ್ಮೊಹಾದರು ಈ ನಗರವನ್ನು ಹಿಡಿದು, ಮತಾಂತರವಾಗಿ ಇಲ್ಲವೇ ಹೊರಡಿ ಎಂದಾಗ ಆತನಿನ್ನೂ ಬಾಲಕ. ಮನೆಮಂದಿಯೆಲ್ಲ ಊರೂರು ಅಲೆದು, ಮೊರಾಕೊ ಹಾಯ್ದು, ಕಡೆಗೆ ಕೈರೋದ ಬಳಿ ನೆಲೆ ಕಂಡರು. ಆತನಿಗೆ ಅಲ್ಲಿ ಆಶ್ರಯ ನೀಡಿದ್ದು ಮತ್ತೆ ಮುಸ್ಲಿಂ ಅರಸರ ಆಸ್ಥಾನವೇ. ತನ್ನ ತತ್ತ್ವಗ್ರಂಥವನ್ನು ಆತ ಬರೆದದ್ದು ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಇದನ್ನು ಯಾವ ತಟ್ಟೆಯ ಮೇಲೆ ಅಚ್ಚೊತ್ತುವುದು?

ಕೋಟೆಗೋಡೆಯ ಬಳಿ ಇನ್ನೊಂದು ಪ್ರತಿಮೆ, ಅವೆರೋಸ್ ಎಂದು ಯುರೋಪು ಕರೆಯುವ ಇಬ್ನ್ ರುಶ್ದ್‌ನದು. 1126ರಲ್ಲಿ ಇದೇ ಊರಿನಲ್ಲಿ ಜನನ. ಇದೇ ಊರಿನಲ್ಲಿ ನ್ಯಾಯಾಧೀಶ. ಅರಿಸ್ಟಾಟಲನನ್ನು ಆತನ ವ್ಯಾಖ್ಯಾನಗಳ ಮೂಲಕವೇ ಕ್ರೈಸ್ತ ವಿದ್ಯಾಪೀಠಗಳು ಓದಿಕೊಂಡವು. ಮೈಮೋನಿಡೀಸನನ್ನು ಓಡಿಸಿದ ಅಲ್ಮೊಹಾದ್ ಆಳ್ವಿಕೆಯ ಸೇವೆಯಲ್ಲಿದ್ದ ಈ ಮುಸಲ್ಮಾನನನ್ನೂ ಅದೇ ಆಳ್ವಿಕೆ ಬಿಡಲಿಲ್ಲ. 1195ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಸಮೀಪದ ಲೂಸೇನಾ ಪಟ್ಟಣಕ್ಕೆ ಗಡೀಪಾರು, ತತ್ತ್ವಗ್ರಂಥಗಳು ಬೆಂಕಿಗೆ. ಮುಂದೆ ಕ್ಷಮೆ ದೊರೆತರೂ 1198ರಲ್ಲಿ ಮರಾಕೇಶಿನಲ್ಲಿ ತೀರಿಕೊಂಡ. ದೇಹವನ್ನು ಕಾರ್ಡೋಬಾಕ್ಕೆ ತರುವಾಗ ಹೇರುವ ಪ್ರಾಣಿಯ ಒಂದು ಬದಿಗೆ ಶವವನ್ನೂ ಮತ್ತೊಂದು ಬದಿಗೆ ಸಮತೂಕಕ್ಕಾಗಿ ಆತನದೇ ಪುಸ್ತಕಗಳನ್ನೂ ಕಟ್ಟಿದ್ದರೆಂದು, ಅದನ್ನು ಕಂಡ ಇಬ್ನ್ ಅರಬಿ ಬರೆದಿಟ್ಟಿದ್ದಾನೆ. ಈ ಚಿತ್ರವನ್ನು ನೆನೆದು ನಾನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. "ಅಪ್ಪಾ, ಕೊಡೆ ಆಗಲೇ ಮೂಲೆ ತಿರುಗಿತು" ಎಂದು ಮಗಳು ಅವಸರಪಡಿಸಿದಳು.

ಪ್ರತಿಮೆ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ; ಇಬ್ಬರೂ ಈ ಊರಿನ ಮಕ್ಕಳೇ. ಆದರೆ ಹೊರಗಟ್ಟಿದ್ದನ್ನು ಮರೆಮಾಚಿ ಅವರನ್ನೇ ಸಾಮರಸ್ಯದ ಸಾಕ್ಷಿಗಳಾಗಿ ಮೆರೆಸುವುದು ಎರಡನೆಯ ಸಲ ಗಡೀಪಾರು ಮಾಡಿದಂತೆ. ಸಹಬಾಳ್ವೆ ಇರಲೇ ಇಲ್ಲವೆಂದಲ್ಲ. ಇತ್ತು, ಒಂದೊಂದು ಅರಸನ ಕಾಲಕ್ಕೆ ಒಂದೊಂದು ಬಗೆಯಲ್ಲಿ, ತೆರಿಗೆ ತೆತ್ತು, ತಲೆ ತಗ್ಗಿಸಿ, ಆಗಾಗ ಅಪಾರ ಫಲವನ್ನೂ ಕೊಟ್ಟು ಇತ್ತು. ಅದು ಮುರಿದುಬಿದ್ದದ್ದು ಹೇಗೆಂದು ಹೇಳದಿದ್ದರೆ ಅದು ಎಷ್ಟು ಕಷ್ಟದ್ದೆಂದು ಕೇಳುವವನಿಗೆ ತಿಳಿಯುವುದಾದರೂ ಹೇಗೆ?

ಮಧ್ಯಾಹ್ನ ಆ ಮಹಾಮಸೀದಿಗೆ ಹೋದೆವು. 785ರ ಸುಮಾರಿಗೆ ಮೊದಲನೆಯ ಅಬ್ದುಲ್ ರಹಮಾನ್ ಕಟ್ಟಲು ತೊಡಗಿದ್ದು. ಇನ್ನೂರು ವರ್ಷಗಳಲ್ಲಿ ಮೂರು ಸಲ ಹಿಗ್ಗಿತು. ಇಂದು ಉಳಿದಿರುವ ಕಂಬಗಳು ಎಂಟುನೂರ ಐವತ್ತಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ಕಂಬಗಳನ್ನು ಹಳೆಯ ರೋಮನ್ ಮತ್ತು ವಿಸಿಗಾಥ್ ಕಟ್ಟಡಗಳಿಂದ ಕಿತ್ತು ತಂದದ್ದು. ಅಡಕೆ ತೋಟದೊಳಗೆ ಹೊಕ್ಕಂತೆ ಕಂಬಗಳ ಸಾಲಿನಲ್ಲಿ ದಿಕ್ಕು ತಪ್ಪುತ್ತದೆ. ಮೇಲೆ ಕೆಂಪು ಇಟ್ಟಿಗೆ, ಬಿಳಿಕಲ್ಲುಗಳ ಕಮಾನಿನ ಮೇಲೆ ಕಮಾನು. ನಟ್ಟನಡುವೆ ಬೆಳಕು ತುಂಬಿದ ಒಂದು ಇಡೀ ಚರ್ಚು ಎದ್ದು ನಿಂತಿದೆ.

ಬೆಂಗಳೂರಿನ ಮಹನೀಯರೊಬ್ಬರು ನನ್ನ ಕಿವಿಯ ಬಳಿ ಬಂದು, "ನೋಡಿದಿರಾ ಮೇಷ್ಟ್ರೇ, ಹೇಗೆ ತೀರಿಸಿಕೊಂಡಿದ್ದಾರೆ!" ಎಂದು ಸಂತೋಷಪಟ್ಟರು. ನಮ್ಮ ಊರಿನ ಜಗಳವನ್ನು ಅವರು ಕೈಚೀಲದಲ್ಲಿಟ್ಟುಕೊಂಡೇ ಬಂದಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟು: 1236ರಲ್ಲಿ ಮೂರನೆಯ ಫರ್ಡಿನೆಂಡ್ ಊರನ್ನು ಗೆದ್ದಾಗ ಕಟ್ಟಡವನ್ನು ಕ್ಯಾಥೆಡ್ರಲ್ ಎಂದು ಪ್ರತಿಷ್ಠಾಪಿಸಿದ, ಆದರೆ ಕೆಡವಲಿಲ್ಲ. ನಡುವಿನ ಕಂಬಗಳನ್ನು ಕೆಡವಿ ಈ ಚರ್ಚು ಕಟ್ಟಲು ಹೊರಟದ್ದು ಸುಮಾರು ಮುನ್ನೂರು ವರ್ಷಗಳ ಅನಂತರ, 1523ರಲ್ಲಿ. ಆಗ ಅಡ್ಡ ನಿಂತವರಾರು? ಕ್ರೈಸ್ತರದೇ ನಗರಸಭೆ. ಕೆಡಹುವ ಕೆಲಸಕ್ಕೆ ಕೈಹಾಕಿದವರಿಗೆ ಮರಣದಂಡನೆಯೆಂದು ಅದು ಸಾರಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಬಿಷಪ್ಪರ ಪರ ನಿಂತದ್ದರಿಂದ ಸೋತಿತು. ತಮ್ಮದಲ್ಲದ ಮತದ ಕಟ್ಟಡವನ್ನು ತಮ್ಮ ಊರಿನದೆಂದು ಕಾಯಲು ನಿಂತ ಆ ಸಭಾಸದಸ್ಯರು ಯಾವ ಪಕ್ಷದವರು, ಹೇಳಿ. ಮಹನೀಯರು ಉತ್ತರಿಸದೆ ಫೋಟೋ ತೆಗೆಯಲು ಹೋದರು.

ಜಗಳ ಇಂದಿಗೂ ಮುಗಿದಿಲ್ಲ. 2006ರಲ್ಲಿ ಚರ್ಚು ಇಡೀ ಕಟ್ಟಡವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. ತಗುಲಿದ ಶುಲ್ಕ ಸುಮಾರು ಮೂವತ್ತು ಯೂರೋ. ಕೆಲವು ಕಾಲ ಪ್ರವಾಸಿಗರ ಕರಪತ್ರದಿಂದ ಮಸೀದಿ ಎಂಬ ಪದವೇ ಮಾಯವಾಗಿ, ಊರಿನವರು ಗಲಾಟೆಯೆಬ್ಬಿಸಿದ ಮೇಲೆ 2016ರಲ್ಲಿ ಮರಳಿತು. ಎಲ್ಲರೂ ಸೋದರರಾಗಿದ್ದರೆನ್ನುವ ತಟ್ಟೆಯೂ ಒಂದು ಪದವನ್ನು ಅಳಿಸಿದ ಕರಪತ್ರವೂ ಒಂದೇ ಜಾತಿಯವು. ಎರಡಕ್ಕೂ ಪ್ರವಾಸಿಗನು ಬೇಗ ನೋಡಿ ಬೇಗ ಹೊರಡಬೇಕು.

ಹೊರಡುವ ಮುನ್ನ ಮಾರ್ಗದರ್ಶಿಯನ್ನು ಒಂದು ಬದಿಗೆ ಕರೆದು ಲೂಸೇನಾದ ಗಡೀಪಾರನ್ನು ಏಕೆ ಹೇಳಲಿಲ್ಲವೆಂದು ಕೇಳಿದೆ. ಆಕೆ ಬೇಸರಿಸಲಿಲ್ಲ. ತಾನೂ ಇತಿಹಾಸವನ್ನೇ ಓದಿದವಳೆಂದಳು. ಮೊದಮೊದಲು ಎಲ್ಲವನ್ನೂ ಹೇಳುತ್ತಿದ್ದಳಂತೆ. ರಜೆಗೆಂದು ಬಂದವರ ಮನಸ್ಸು ಕೆಡಿಸುತ್ತಾಳೆಂದು ದೂರುಗಳು ಹೋದವಂತೆ. ದೂರು ಬರೆದವರು ನಮ್ಮಂಥವರೇ ತಾನೆ? ಕಡಿಮೆ ಖರ್ಚು, ಕಡಿಮೆ ಹೊತ್ತು, ಕಡಿಮೆ ದುಃಖ ಎಂದು ಕೇಳಿ ಹಣ ತೆತ್ತವರು ನಾವು. ಒಂದು ರಾತ್ರಿ ಆ ಊರಿನಲ್ಲಿ ಉಳಿದು, ಮರುದಿನ ಕೊಡೆಯಿಲ್ಲದೆ ಕೇರಿಗಳಲ್ಲಿ ಅಲೆಯುವಷ್ಟು ಪುರುಸೊತ್ತಿಲ್ಲದವರು ಅಲ್ಲಿಗೆ ಹೋಗುವುದೇ ಬೇಡವೆಂದು ನಾನು ಈಗ ಯಾರು ಕೇಳಿದರೂ ಹೇಳುತ್ತಿದ್ದೇನೆ. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಆ ಕೇರಿಯಲ್ಲಿ 1315ರಲ್ಲಿ ಕಟ್ಟಿದ ಪುಟ್ಟ ಸಿನಗಾಗ್ ಒಂದಿದೆ. 1391ರಲ್ಲಿ ಕೇರಿಗೆ ನುಗ್ಗಿ ಜನರನ್ನು ಕೊಂದಾಗಲೂ ಅದು ಉಳಿಯಿತು. 1492ರಲ್ಲಿ ಯಹೂದಿಗಳನ್ನೆಲ್ಲ ದೇಶದಿಂದ ಅಟ್ಟಿದ ಮೇಲೆ ಹುಚ್ಚುನಾಯಿ ಕಡಿದವರ ಆಸ್ಪತ್ರೆಯಾಯಿತು, ಅನಂತರ ಚಮ್ಮಾರರ ಸಂಘದ ಪ್ರಾರ್ಥನಾಮಂದಿರವಾಯಿತು. ಗೋಡೆಯ ಗಾರೆಯಲ್ಲಿ ಹೀಬ್ರೂ ಅಕ್ಷರಗಳು ಈಗಲೂ ಇವೆಯೆಂದು ಪುಸ್ತಕದಲ್ಲಿ ಓದಿಕೊಂಡು, ಬಹಳ ಆಸೆಯಿಂದ ಹೋಗಿದ್ದೆ. ನಾವು ಹೋದದ್ದು ಸೋಮವಾರ. ಅಂದು ಅದಕ್ಕೆ ಬಾಗಿಲು. ನಾಳೆಯವರೆಗೆ ಕಾಯುವಂತಿರಲಿಲ್ಲ, ಆರು ಗಂಟೆಯ ರೈಲು. ಪ್ರವಾಸ ಮುಗಿದಾಗ ಕೊಟ್ಟ ಪಟ್ಟಿಯಲ್ಲಿ ಮಾತ್ರ ಸಿನಗಾಗಿನ ಮುಂದೆ, 'ನೋಡಲಾಯಿತು' ಎಂದು ಗುರುತು ಹಾಕಿದ್ದರು.