ರೌಡಿ ಪೆರೇಡ್ ಯಾರಿಗೋಸ್ಕರ ಸ್ವಾಮಿ?

ಗಣೇಶನ ಹಬ್ಬವೋ ಚುನಾವಣೆಯೋ ಹತ್ತಿರ ಬಂತೆಂದರೆ ಬೆಂಗಳೂರಿನ ಟೀವಿಗಳಲ್ಲಿ ಒಂದು ದೃಶ್ಯ ಬಂದೇ ಬರುತ್ತೆ. ಯಾವುದೋ ಮೈದಾನ. ಸಾಲಾಗಿ ನಿಂತ ರೌಡಿಗಳು. ಸಾಹೇಬರೊಬ್ಬರು ಸಾಲಿನುದ್ದಕ್ಕೂ ನಡೀತಾ ಒಬ್ಬನ ಉದ್ದ ಕೂದಲು ಹಿಡಿದು ಗದರಿಸ್ತಾರೆ, ಇನ್ನೊಬ್ಬನ ಶರ್ಟಿನ ಗುಂಡಿ ಹಾಕಿಸ್ತಾರೆ. "ಬಾಲ ಬಿಚ್ಚಿದ್ರೆ ಹುಷಾರ್!" ಅಲ್ಲಿಗೆ ಕ್ಯಾಮೆರಾ ಆಫ್. ನಾವು ಕಾಫಿ ಲೋಟ ಕೆಳಗಿಟ್ಟು "ಹೀಗೇ ಬುದ್ಧಿ ಕಲಿಸ್ಬೇಕು ಇವ್ರಿಗೆ" ಅಂತೀವಿ.

ನನ್ನ ತಕರಾರು ಇರೋದು ಇಲ್ಲೇ. ಈ ಪೆರೇಡ್ ನೋಡಿ ಬುದ್ಧಿ ಕಲಿತವರು ಯಾರು? ಸಾಲಲ್ಲಿ ನಿಂತ ಹಳೇ ಹುಲಿಗೆ ಇದೆಲ್ಲ ಮಾಮೂಲು. ಅವನ ಪಕ್ಕದಲ್ಲಿ ನಿಂತ ಇಪ್ಪತ್ತೆರಡರ ಹುಡುಗನಿಗೋ ಇದು ಪುಕ್ಕಟೆ ಪ್ರಚಾರ. ನಿನ್ನೆಯವರೆಗೆ ಅವನು ಗಲ್ಲಿಯ ಪುಂಡ, ಇವತ್ತು ಟೀವಿಯಲ್ಲಿ ಬಂದ ರೌಡಿ. ಏರಿಯಾದಲ್ಲಿ ಮಾಮೂಲಿ ವಸೂಲಿಗೆ ಇದಕ್ಕಿಂತ ದೊಡ್ಡ ವಿಸಿಟಿಂಗ್ ಕಾರ್ಡ್ ಬೇಕಾ? 1995ರ 'ಓಂ' ಸಿನಿಮಾದಲ್ಲಿ ನಿಜವಾದ ರೌಡಿಗಳನ್ನೇ ತೆರೆ ಮೇಲೆ ತಂದಾಗ ಜನ ಶಿಳ್ಳೆ ಹೊಡೆದರು. ಪೆರೇಡ್ ಕೂಡ ಅಂಥದ್ದೇ ಸಿನಿಮಾ. ಪ್ರೇಕ್ಷಕರು ನಾವು. ಪೊಲೀಸರು ಏನೋ ಮಾಡ್ತಿದಾರೆ ಅಂತ ನಮಗೆ ಅನ್ನಿಸಬೇಕು, ಅಷ್ಟೇ.

ಪೆರೇಡಿಗೆ ಕರೆಸೋದು ಯಾರನ್ನ? ಸ್ಟೇಷನ್ನಿನ ರೌಡಿ ಶೀಟ್‌ನಲ್ಲಿ ಹೆಸರಿದ್ದವರನ್ನ. ಈ ಪಟ್ಟಿಗೆ ಸೇರೋಕೆ ಕೋರ್ಟಿನಲ್ಲಿ ಅಪರಾಧ ಸಾಬೀತಾಗಲೇಬೇಕು ಅಂತೇನಿಲ್ಲ. ಸೇರಿದ ಮೇಲೆ ಹೊರಗೆ ಬರೋದು ಮಾತ್ರ ದೊಡ್ಡ ಸಾಹಸ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ಇನ್ಸರ್ಟ್ ಎಲ್ಲರಿಗೂ ಓಪನ್, ಡಿಲೀಟ್‌ಗೆ ಪರ್ಮಿಷನ್ ಇಲ್ಲ :-) ಹೆಸರು ಸೇರಿಸುವ ಮುಂಚೆ ಆ ಮನುಷ್ಯನ ಮಾತನ್ನೂ ಕೇಳಿ ಅಂತ 2022ರಲ್ಲಿ ಹೈಕೋರ್ಟೇ ಹೇಳಬೇಕಾಯ್ತು. ಇನ್ನು 1985ರ ಗೂಂಡಾ ಕಾಯ್ದೆ. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಅಷ್ಟು ದೊಡ್ಡ ಅಸ್ತ್ರ ಬಂದು ನಾಲ್ಕು ದಶಕವಾಯ್ತು. 1986ರಲ್ಲಿ ಕೊತ್ವಾಲ್ ಹೋದ, 1989ರಲ್ಲಿ ಜಯರಾಜ್ ಹೋದ. ಇಬ್ಬರೂ ಸತ್ತಿದ್ದು ಎದುರಾಳಿಗಳ ಕೈಯಲ್ಲಿ. ಒಬ್ಬ ಹೋದರೆ ಜಾಗ ಖಾಲಿ ಉಳೀತಾ? ಇಲ್ಲ, ಮರಿಗಳು ಬಂದವು.

"ಹಾಗಾದ್ರೆ ರೌಡಿಗಳಿಗೆ ಹಾರ ಹಾಕೋಣವಾ?" ಅಂತ ನಮ್ಮ ಗೆಳೆಯರು ಕೇಳ್ತಾರೆ. ಹಾರ ಹಾಕೋ ಕೆಲಸವನ್ನ ರಾಜಕಾರಣಿಗಳು ಆಗಲೇ ವಹಿಸಿಕೊಂಡಿದಾರೆ, ನಾವ್ಯಾಕೆ? ಕನಿಕರದ ಮಾತನ್ನ ಪಕ್ಕಕ್ಕಿಡಿ. ಕೊಲೆ ಕಡಿಮೆಯಾಗಬೇಕೋ ಬೇಡವೋ, ಅದನ್ನಷ್ಟೇ ಹೇಳಿ. ಬೇಕು ಅನ್ನೋದಾದ್ರೆ, ಇದೇ ರೋಗಕ್ಕೆ ಬೇರೆ ಮದ್ದು ಮಾಡಿದ ಊರುಗಳ ಕಡೆ ಒಮ್ಮೆ ನೋಡೋಣ.

1990ರ ದಶಕದ ಮೊದಲ ಅರ್ಧ, ಅಮೆರಿಕದ ಬಾಸ್ಟನ್. ಹದಿಹರೆಯದ ಹುಡುಗರು ಬೀದಿಯಲ್ಲಿ ಗುಂಡು ತಿಂದು ಸಾಯ್ತಿದ್ದರು. ಹಾರ್ವರ್ಡಿನ ಡೇವಿಡ್ ಕೆನಡಿ ಮತ್ತವರ ಜೊತೆಗಾರರು ಪೊಲೀಸರ ಜೊತೆ ಕೂತು ಲೆಕ್ಕ ಹಾಕಿದರು. ಇಡೀ ಊರಲ್ಲಿ 61 ಗ್ಯಾಂಗು, ಸುಮಾರು 1,300 ಹುಡುಗರು. ಅವರ ವಯಸ್ಸಿನವರಲ್ಲಿ ನೂರಕ್ಕೆ ಒಬ್ಬನೂ ಇಲ್ಲ. ಆದರೆ ಯುವಕರ ಕೊಲೆಗಳಲ್ಲಿ ಕನಿಷ್ಠ 60 ಶೇಕಡಾ ಇವರದ್ದೇ! 1996ರಲ್ಲಿ 'ಆಪರೇಷನ್ ಸೀಸ್‌ಫೈರ್' ಶುರುವಾಯ್ತು. ಅಲ್ಲೂ ಗ್ಯಾಂಗಿನ ಹುಡುಗರನ್ನ ಒಂದೆಡೆ ಕರೆಸಿದರು. ನಮ್ಮ ಪೆರೇಡಿನ ಹಾಗೇ ಕಾಣುತ್ತೆ ಅಲ್ವಾ? ಆದರೆ ಅಲ್ಲಿ ಪೊಲೀಸರ ಜೊತೆ ಸರ್ಕಾರಿ ವಕೀಲರು, ಚರ್ಚಿನ ಪಾದ್ರಿಗಳು, ಬೀದಿಯಲ್ಲಿ ಹುಡುಗರ ನಡುವೆ ಕೆಲಸ ಮಾಡೋರೂ ಕೂತಿದ್ದರು. ಹೇಳಿದ್ದು ಎರಡೇ ಮಾತು. ನಿಮ್ಮ ಗ್ಯಾಂಗಿನಲ್ಲಿ ಒಬ್ಬ ಗುಂಡು ಹಾರಿಸಿದರೂ ಇಡೀ ಗ್ಯಾಂಗಿನ ಬೆನ್ನು ಬೀಳ್ತೀವಿ. ಬಿಟ್ಟು ಬರ್ತೀವಿ ಅಂದರೆ ಕೆಲಸ, ಓದು, ಸಹಾಯ ಎಲ್ಲಾ ಇಲ್ಲಿದೆ. ಹೇಳಿ ಸುಮ್ಮನಾಗಲಿಲ್ಲ, ಹೇಳಿದ್ದನ್ನ ಮಾಡಿದರು. ಯುವಕರ ಕೊಲೆಗಳು ತಿಂಗಳ ಸರಾಸರಿಯಲ್ಲಿ 63 ಶೇಕಡಾ ಇಳಿದವು ಅಂತ ಸಂಶೋಧಕರ ಲೆಕ್ಕ.

ಅಲ್ಲಿ ಬಂದೂಕು, ಇಲ್ಲಿ ಲಾಂಗು ಮಚ್ಚು, ಹೋಲಿಕೆ ಸರಿಯಲ್ಲ ಅಂತೀರಾ? ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಬನ್ನಿ. ಅಲ್ಲಿ ಹುಡುಗರ ಕೈಲಿದ್ದದ್ದು ಚಾಕು. 2005ರಲ್ಲಿ ಅಲ್ಲಿನ ಪೊಲೀಸರು ಹಿಂಸೆ ತಗ್ಗಿಸಲೆಂದೇ ಒಂದು ವಿಭಾಗ ಮಾಡಿದರು. ಚಾಕು ಇರಿತವನ್ನ ಒಂದು ರೋಗದ ಹಾಗೆ ನೋಡೋಣ ಅಂದರು. 2008ರಲ್ಲಿ ಬಾಸ್ಟನ್ ದಾರಿಯಲ್ಲೇ ಗ್ಯಾಂಗುಗಳನ್ನ ಕೋರ್ಟಿಗೆ ಕರೆಸಿ ಮಾತಾಡಿದರು. ಮಗನನ್ನ ಕಳಕೊಂಡ ತಾಯಿಯ ಮಾತು ಕೇಳಿಸಿದರು, ಇರಿತದ ಗಾಯ ಹೊಲಿಯುವ ಡಾಕ್ಟರ ಮಾತು ಕೇಳಿಸಿದರು. ಕೂದಲು ಹಿಡಿದು ಎಳೆಯೋದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಬಾಸ್ಟನ್ ಕಥೆಯ ಕೊನೆ ಭಾಗವನ್ನೂ ಹೇಳ್ಬೇಕು. ಕೊಲೆ ಕಡಿಮೆಯಾಯ್ತು ಅಂತ 2000ದ ಹೊತ್ತಿಗೆ ಆ ಕೆಲಸ ಬಿಟ್ಟರು. ಬಿಟ್ಟ ಮೇಲೆ ಕೊಲೆಗಳು ಮತ್ತೆ ಏರಿದವು. 2007ರಲ್ಲಿ ಮತ್ತೆ ಶುರು ಮಾಡಬೇಕಾಯ್ತು. ಅಂದರೆ ಇದು ಹಬ್ಬಕ್ಕೊಂದು ಸಲ ಸುಣ್ಣ ಬಳಿಯೋ ಕೆಲಸ ಅಲ್ಲ, ದಿನಾ ಕಸ ಗುಡಿಸೋ ಕೆಲಸ. ಟೀವಿಯವರು ಬರೋದಿಲ್ಲ, ಚಪ್ಪಾಳೆ ಬೀಳೋದಿಲ್ಲ.

ನಮ್ಮ ಪೆರೇಡಿನಲ್ಲಿ ಬೆದರಿಕೆ ಇದೆ, ಆದರೆ ಏನು ಮಾಡಿದರೆ ಏನಾಗುತ್ತೆ ಅನ್ನೋ ಸ್ಪಷ್ಟತೆ ಇಲ್ಲ. ಅವಮಾನ ಇದೆ, ಹೊರಗೆ ಬರೋ ಬಾಗಿಲು ಇಲ್ಲ. ಆ ಇಪ್ಪತ್ತೆರಡರ ಹುಡುಗ ನಾಳೆ ಗ್ಯಾರೇಜಿನಲ್ಲಿ ಕೆಲಸ ಕೇಳೋಕೆ ಹೋದರೆ, ಟೀವಿಯಲ್ಲಿ ಅವನ ಮುಖ ನೋಡಿದ ಮಾಲೀಕ ಕೆಲಸ ಕೊಡ್ತಾನಾ? ಕೊಡೋದಿಲ್ಲ. ಕೊಡೋನು ಒಬ್ಬನೇ, ಅದೇ ಸಾಲಲ್ಲಿ ಪಕ್ಕದಲ್ಲಿ ನಿಂತಿದ್ದ ಹಳೇ ಹುಲಿ.

ಮುಂದಿನ ಪೆರೇಡಿಗೆ ಚಪ್ಪಾಳೆ ತಟ್ಟೋ ಮುಂಚೆ ಇಷ್ಟು ಕೇಳಿ: ಹೋದ ಸಲ ಸಾಲಲ್ಲಿ ನಿಂತವರಲ್ಲಿ ಎಷ್ಟು ಜನ ಮಚ್ಚು ಬಿಟ್ಟರು? ಈ ಲೆಕ್ಕ ಕೊಡದ ಇಲಾಖೆಗೆ ನಮ್ಮ ಚಪ್ಪಾಳೆ ಯಾಕೆ ಸ್ವಾಮಿ?